ಸರ್ವರ್‌ನಲ್ಲೇ ಇರುವ ಫೈಲನ್ನು ಮಲ್ಟಿಪಾರ್ಟ್‌ಫೈಲ್ ಮಾಡುವುದು ಹೇಗೆ? ಮಾಡಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾರವಾರದ ಒಂದು ಸಂಘಕ್ಕೆ ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿನಲ್ಲಿ ಸಾಫ್ಟ್‌ವೇರ್ ಮಾಡಿದ್ದೀರಿ. ದೋಣಿ ಮಾಲೀಕರು ಬ್ರೌಸರ್‌ನಿಂದ ಕಳಿಸುವ ಕಾಗದಪತ್ರಗಳನ್ನು ಒಂದು ಸರ್ವಿಸ್ ಮೆಥಡ್ ತಪಾಸಣೆ ಮಾಡಿ ಉಳಿಸುತ್ತದೆ. ಆ ಮೆಥಡ್ ಕೇಳುವುದು ಮಲ್ಟಿಪಾರ್ಟ್‌ಫೈಲ್, ಅಂದರೆ ಬ್ರೌಸರ್‌ನಿಂದ ಅಪ್‌ಲೋಡ್ ಆದ ಫೈಲಿಗೆ ಸ್ಪ್ರಿಂಗ್ ಕೊಡುವ ರೂಪ. ಈಗ ಹಳೆಯ ಸ್ಕ್ಯಾನ್‌ಗಳ ದೊಡ್ಡ ಫೋಲ್ಡರ್ ಒಂದು ಸರ್ವರ್‌ನಲ್ಲೇ ಇದೆ, ಅದನ್ನೂ ಅದೇ ಮೆಥಡ್‌ಗೆ ಕೊಡಬೇಕು. ಸ್ಪ್ರಿಂಗ್‌ನಲ್ಲೇ ಸಿಗುವ ಮಾಕ್‌ಮಲ್ಟಿಪಾರ್ಟ್‌ಫೈಲ್ ಎಂಬ ಕ್ಲಾಸ್ ಬಳಸಬಹುದಾ, ಇಲ್ಲ ಗೆಳೆಯರು ಹೇಳುವಂತೆ ಪಿಎಚ್‌ಪಿ ಭಾಷೆಯ ಲಾರಾವೆಲ್‌ಗೆ ಹೋದರೆ ಸುಲಭವಾ ಅಂತ ಕೇಳಿದ್ದೀರಿ.

ನೀವು ಘಟ್ಟದ ಕೆಳಗೆ, ನಾನು ಘಟ್ಟದ ಮೇಲೆ. ಕೆಲಸ ಮಾತ್ರ ಒಂದೇ. ಸಿರ್ಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಹಳೆಯ ತೂಕದ ಚೀಟಿ, ಪಹಣಿ ಪ್ರತಿಗಳ ಇಂಥದ್ದೇ ಫೋಲ್ಡರ್ ನನ್ನ ಪಾಲಿಗೂ ಬಂದಿತ್ತು.

ಆ ಮೆಥಡ್ ನಿಮ್ಮದೇ ಆಗಿದ್ದರೆ ಫೈಲನ್ನು ಬದಲಿಸಲು ಹೋಗಬೇಡಿ, ಮೆಥಡ್ ಬದಲಿಸಿ. ಅಡಿಕೆ ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ಯಾರದ್ದು, ರಾಶಿಯೋ ಚಾಲಿಯೋ, ತೂಕ ಎಷ್ಟು ಅಂತ ಇರುತ್ತದಲ್ಲ, ಮಲ್ಟಿಪಾರ್ಟ್‌ಫೈಲ್ ಅಂದರೆ ಅಷ್ಟೇ: ಒಳಗಿನ ಬೈಟ್‌ಗಳು, ಜೊತೆಗೆ ಹೆಸರು, ಬಗೆ, ಗಾತ್ರ. ಉಳಿಸುವ ಕೋಡ್‌ಗೆ ಬೇಕಾಗಿರುವುದು ಇವು ಮಾತ್ರ. ಹಾಗಾಗಿ ಇನ್‌ಪುಟ್‌ಸ್ಟ್ರೀಮ್ (ಬೈಟ್‌ಗಳನ್ನು ಸ್ವಲ್ಪಸ್ವಲ್ಪವಾಗಿ ಓದುವ ದಾರಿ), ಹೆಸರು, ಬಗೆ, ಗಾತ್ರ ತೆಗೆದುಕೊಳ್ಳುವ ಒಂದು ಒಳಗಿನ ಮೆಥಡ್ ಮಾಡಿ. ಬ್ರೌಸರ್‌ನ ರಿಕ್ವೆಸ್ಟ್ ತೆಗೆದುಕೊಳ್ಳುವ ಕಂಟ್ರೋಲರ್ ತನ್ನ ಮಲ್ಟಿಪಾರ್ಟ್‌ಫೈಲ್ ಬಿಚ್ಚಿ ಅದಕ್ಕೆ ಕೊಡಲಿ. ಫೋಲ್ಡರ್ ಓದುವ ಕೋಡ್ ಫೈಲ್ಸ್ ಕ್ಲಾಸಿನಿಂದ ಸ್ಟ್ರೀಮ್ ತೆರೆದು ಅದಕ್ಕೇ ಕೊಡಲಿ. ಅರ್ಧ ಗಂಟೆಯ ಕೆಲಸವೂ ಅಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಬ್ರೌಸರ್‌ನಿಂದ ಬಂದ ನಿಜವಾದ ಮಲ್ಟಿಪಾರ್ಟ್‌ಫೈಲ್‌ನ ಆಯುಷ್ಯ ಆ ರಿಕ್ವೆಸ್ಟ್ ಮುಗಿಯುವ ತನಕ ಮಾತ್ರ. ಆಮೇಲೆ ಅದರ ತಾತ್ಕಾಲಿಕ ಫೈಲ್ ಅಳಿಸಿ ಹೋಗುತ್ತದೆ. ನಾಳೆ ನೀವು ಉಳಿಸುವ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ ಹಾಕಿದರೆ ಮಲ್ಟಿಪಾರ್ಟ್‌ಫೈಲ್ ಕೇಳುವ ಹಳೆಯ ಮೆಥಡ್ ಹೇಗೂ ಕೈಕೊಡುತ್ತದೆ.

ಮೆಥಡ್ ಬೇರೆ ಯಾರದ್ದೋ ಜಾರ್‌ನಲ್ಲಿದೆ (ಸಿದ್ಧ ಜಾವಾ ಲೈಬ್ರರಿಯ ಫೈಲ್), ಮುಟ್ಟುವ ಹಾಗಿಲ್ಲ ಅಂದರೆ? ಆಗ ನಿಮ್ಮದೇ ಒಂದು ಚಿಕ್ಕ ಕ್ಲಾಸ್ ಬರೆಯಿರಿ. ಮಲ್ಟಿಪಾರ್ಟ್‌ಫೈಲ್ ಒಂದು ಇಂಟರ್‌ಫೇಸ್ ಅಷ್ಟೇ, ತುಂಬಬೇಕಾದ ಮೆಥಡ್‌ಗಳು 8. ಒಂದು ಪಾತ್ ಇಟ್ಟುಕೊಂಡು ಎಲ್ಲಕ್ಕೂ ಉತ್ತರ ಕೊಡಬಹುದು. ತಪ್ಪುವುದು ಮೂರು ಕಡೆ.

ಮೊದಲನೆಯದು ಗೆಟ್‌ನೇಮ್. ಅದು ಫೈಲಿನ ಹೆಸರಲ್ಲ, ಫಾರ್ಮಿನ ಖಾನೆಯ ಹೆಸರು. ಫೈಲಿನ ಹೆಸರು ಗೆಟ್‌ಒರಿಜಿನಲ್‌ಫೈಲ್‌ನೇಮ್‌ನಲ್ಲಿ ಬರಬೇಕು. ಅಲ್ಲಿ ಪೂರ್ತಿ ಪಾತ್ ಕೊಡಬೇಡಿ, ಕೊನೆಯ ತುಂಡು ಸಾಕು.

ಎರಡನೆಯದು ಫೈಲಿನ ಬಗೆ. ಫೈಲ್ಸ್ ಕ್ಲಾಸಿನ ಪ್ರೋಬ್‌ಕಂಟೆಂಟ್‌ಟೈಪ್ ಎಷ್ಟೋ ಸಲ ಫೈಲಿನ ಹೆಸರಿನ ಬಾಲ ನೋಡಿ ಹೇಳುತ್ತದೆ. ಗೊತ್ತಾಗದಿದ್ದರೆ ನಲ್ ಕೊಡುತ್ತದೆ. ಹಳೆಯ ಸ್ಕ್ಯಾನ್‌ಗಳಲ್ಲಿ ಹೆಸರು ಪಿಡಿಎಫ್, ಒಳಗೆ ಜೆಪೆಗ್ ಇರುವುದು ಜಾಸ್ತಿ. ಅಪಾಚೆ ಟೀಕಾ ಎಂಬ ಲೈಬ್ರರಿ ಒಳಗಿನ ಬೈಟ್ ನೋಡಿ ಹೇಳುತ್ತದೆ, ಅದನ್ನೇ ಹಾಕಿ. ಗಾತ್ರದ ಮಿತಿಯೂ ನೆನಪಿರಲಿ. ಸ್ಪ್ರಿಂಗ್ ಬೂಟ್‌ನಲ್ಲಿ ನೀವೇನೂ ಹೇಳದಿದ್ದರೆ ಒಂದು ಫೈಲಿಗೆ 1 ಎಂಬಿ, ಇಡೀ ರಿಕ್ವೆಸ್ಟ್‌ಗೆ 10 ಎಂಬಿ. ಆದರೆ ಆ ಕಾವಲು ಇರುವುದು ರಿಕ್ವೆಸ್ಟ್ ಒಳಗೆ ಬರುವ ಬಾಗಿಲಲ್ಲಿ. ನೀವು ಮೆಥಡ್ ಅನ್ನು ನೇರವಾಗಿ ಕರೆದಾಗ ಯಾರೂ ತಡೆಯುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಮೂರನೆಯದು ಟ್ರಾನ್ಸ್‌ಫರ್‌ಟು, ಫೈಲನ್ನು ಹೇಳಿದ ಜಾಗದಲ್ಲಿ ಉಳಿಸುವ ಮೆಥಡ್. ಇದರಲ್ಲಿ ಫೈಲ್ಸ್ ಕ್ಲಾಸಿನ ಮೂವ್ ಬಳಸಿದರೆ ಮೂಲ ಸ್ಕ್ಯಾನ್ ಫೋಲ್ಡರ್‌ನಿಂದ ಮಾಯ. ಕಾಪಿ ಬಳಸಿ.

ಇನ್ನು ಮಾಕ್‌ಮಲ್ಟಿಪಾರ್ಟ್‌ಫೈಲ್. ಕೆಲಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಇರುವುದು ಸ್ಪ್ರಿಂಗ್‌ನ ಟೆಸ್ಟ್ ಲೈಬ್ರರಿಯಲ್ಲಿ. ಅದಕ್ಕಾಗಿ ಇಡೀ ಟೆಸ್ಟ್ ಲೈಬ್ರರಿಯನ್ನು ಗ್ರಾಹಕರ ಸರ್ವರ್‌ಗೆ ಹೊತ್ತುಕೊಂಡು ಹೋಗಬೇಕು. ಅದಕ್ಕಿಂತ ದೊಡ್ಡ ತಕರಾರು ಮೆಮೊರಿಯದ್ದು. ನೀವು ಸ್ಟ್ರೀಮ್ ಕೊಟ್ಟರೂ ಅದು ಪೂರ್ತಿ ಓದಿ ಬೈಟ್ ಅರೇ ಮಾಡಿ ಇಟ್ಟುಕೊಳ್ಳುತ್ತದೆ. ಚೀಟಿ ಗಾತ್ರದ ಫೈಲಿಗೆ ಪರವಾಗಿಲ್ಲ. ದಪ್ಪ ಲೆಡ್ಜರ್ ಪುಸ್ತಕವನ್ನೇ ಒಂದು ಪಿಡಿಎಫ್ ಮಾಡಿದ್ದರೆ, ಅಂಥ ನಾಲ್ಕು ಒಟ್ಟಿಗೆ ಬಂದರೆ ಹೀಪ್ (ಜಾವಾ ಪ್ರೋಗ್ರಾಂಗೆ ಸಿಗುವ ಮೆಮೊರಿ) ತುಂಬಿತು ಅಂತಲೇ. ಟೆಸ್ಟ್ ಬರೆಯಲು ಬಳಸಿ, ಅದಕ್ಕೇ ಮಾಡಿದ್ದು.

ಇಂಟರ್ನೆಟ್‌ನ ಹಳೆಯ ಉತ್ತರಗಳಲ್ಲಿ ಕಾಮನ್ಸ್‌ಮಲ್ಟಿಪಾರ್ಟ್‌ಫೈಲ್ ಅಂತ ಇನ್ನೊಂದು ಕ್ಲಾಸ್ ಕಾಣುತ್ತದೆ. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ 6ರಿಂದ ಅದನ್ನು ತೆಗೆದುಹಾಕಿದ್ದಾರೆ. ಬೂಟ್ 3ರಲ್ಲಿದ್ದರೆ ಅದರ ಹಿಂದೆ ಬೀಳಬೇಡಿ.

ಫೈಲನ್ನು ಇನ್ನೊಂದು ಸರ್ವರ್‌ಗೆ ಎಚ್‌ಟಿಟಿಪಿ ಮೂಲಕ ಕಳಿಸಬೇಕಿದ್ದರೆ ಮಲ್ಟಿಪಾರ್ಟ್‌ಫೈಲ್‌ನ ಗೋಜೇ ಬೇಡ. ಕಳಿಸುವವರ ಕಡೆ ಫೈಲ್‌ಸಿಸ್ಟಮ್‌ರಿಸೋರ್ಸ್ ಹಾಕಿದರೆ ಸಾಕು, ಆ ಕಡೆ ಸ್ಪ್ರಿಂಗ್ ತಾನೇ ಮಲ್ಟಿಪಾರ್ಟ್‌ಫೈಲ್ ಮಾಡಿಕೊಳ್ಳುತ್ತದೆ.

ಲಾರಾವೆಲ್‌ನಲ್ಲೂ ಕಥೆ ಬೇರೆಯೇನಲ್ಲ. ಅಲ್ಲಿನ ಅಪ್‌ಲೋಡೆಡ್‌ಫೈಲ್ ಅನ್ನು ಕೈಯಾರೆ ಕಟ್ಟಬಹುದು. ಆದರೆ ಈ ಫೈಲ್ ನಿಜವಾಗಿ ರಿಕ್ವೆಸ್ಟ್‌ನಿಂದ ಬಂದದ್ದಾ ಅಂತ ಪಿಎಚ್‌ಪಿ ಕೇಳುತ್ತದೆ. ಅದನ್ನು ತಪ್ಪಿಸಲು ಕೊನೆಯ ಟೆಸ್ಟ್ ಆರ್ಗ್ಯುಮೆಂಟ್‌ಗೆ ಟ್ರೂ ಕೊಡಬೇಕು. ಹಾಗೆ ಕೊಟ್ಟು ಮೂವ್ ಕರೆದರೆ ಇಲ್ಲೂ ಮೂಲ ಫೈಲೇ ಜಾಗ ಬಿಡುತ್ತದೆ. ಸ್ಟೋರೇಜ್‌ನ ಪುಟ್‌ಫೈಲ್ ಸಾಮಾನ್ಯ ಫೈಲನ್ನೂ ತೆಗೆದುಕೊಳ್ಳುತ್ತದೆ. ಇಷ್ಟಕ್ಕಾಗಿ ಭಾಷೆ ಬದಲಿಸುವ ಯೋಚನೆ ಬಿಡಿ.

ಫೈಲಿನ ಹೆಸರು ಕನ್ನಡದಲ್ಲಿದ್ದರೆ ಒಂದು ವಿಷಯ ಮೊದಲೇ ಪರೀಕ್ಷಿಸಿ. ನಮ್ಮ ಕಡೆ ಹೆಸರು, ತಂದೆ ಹೆಸರು, ಮಜರೆ, ಊರು ಎಲ್ಲ ಸೇರಿಸಿ ಫೈಲಿಗೆ ಹೆಸರಿಡುವವರಿದ್ದಾರೆ. ವಿಂಡೋಸ್‌ನಲ್ಲಿ ಹೆಸರಿನ ಮಿತಿ 255 ಅಕ್ಷರ ಸಂಕೇತ, ಆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಗುಣಿತದ ಚಿಹ್ನೆಗೂ ಬೇರೆ 3. ‘ಶಿರಸಿ’ ಅಂತ ಬರೆದರೇ 15 ಬೈಟ್ ಆಯಿತು. ಕನ್ನಡದ ಸಂಕೇತಗಳೇ 85 ದಾಟಿದರೆ ಆಫೀಸಿನ ವಿಂಡೋಸ್‌ನಲ್ಲಿ ಸರಿಯಾಗಿದ್ದ ಫೈಲ್ ಲಿನಕ್ಸ್ ಸರ್ವರ್‌ನಲ್ಲಿ ಉಳಿಯುವುದೇ ಇಲ್ಲ. ಮೂಲ ಹೆಸರನ್ನು ಡೇಟಾಬೇಸ್‌ನಲ್ಲಿ ಇಡಿ, ಡಿಸ್ಕಿನಲ್ಲಿ ಯುಯುಐಡಿ (ಪ್ರತಿ ಫೈಲಿಗೂ ಬೇರೆಯಾದ ಗುರುತಿನ ಸಂಖ್ಯೆ) ಹೆಸರಾಗಿ ಇಡಿ.

ಮಳೆಗಾಲದಲ್ಲಿ ಈ ಕೆಲಸ ಹಿಡಿಯುತ್ತಿದ್ದರೆ ಕರೆಂಟ್ ನಂಬಬೇಡಿ. ಘಟ್ಟದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಎಷ್ಟು ಹೊತ್ತಿಗೆ ಬರುತ್ತದೋ ಯಾರೂ ಹೇಳಲಾರರು, ಯುಪಿಎಸ್ ಎಷ್ಟು ಅಂತ ತಡೆದೀತು? ಪ್ರತಿ ಫೈಲಿಗೂ ಬೇರೆ ಡೇಟಾಬೇಸ್ ಟ್ರಾನ್ಸಾಕ್ಷನ್ ಮಾಡಿ. ಒಳಗಿನ ಬೈಟ್‌ಗಳ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂತೆ) ತೆಗೆದು, ಟೇಬಲ್‌ನಲ್ಲಿ ಯೂನಿಕ್ ಕಾಲಮ್ ಆಗಿ ಇಡಿ. ಅರ್ಧಕ್ಕೆ ನಿಂತರೂ ಮತ್ತೆ ಮೊದಲಿಂದ ಓಡಿಸಿ, ಆದದ್ದನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಒಂದೇ ಚೀಟಿಯನ್ನು ಎರಡು ಹೆಸರಲ್ಲಿ ಕಾಪಿ ಮಾಡಿ ಇಟ್ಟಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ತಪಾಸಣೆಯಲ್ಲಿ ಫೇಲ್ ಆದವುಗಳ ಹೆಸರು, ಕಾರಣ ಎರಡನ್ನೂ ಒಂದು ಸಿಎಸ್‌ವಿಗೆ ಬರೆಸಿ ಸಂಘದ ಗುಮಾಸ್ತರಿಗೆ ಕೊಡಿ. ಕಾಗದ ಇನ್ನೂ ಕಪಾಟಿನಲ್ಲಿದ್ದರೆ ಅವರು ಮತ್ತೆ ಸ್ಕ್ಯಾನ್ ಮಾಡಿಕೊಡುತ್ತಾರೆ.