ಪ್ರತಿಕ್ರಿಯೆ: ಸಿಂಗಪುರದಲ್ಲಿ ಮೊದಲ ದೀಪಾವಳಿ, ಎಲ್ಲಿಗೆ ಹೋಗೋದು?

ನಮಸ್ಕಾರ. ಸಿಂಗಪುರಕ್ಕೆ ಬಂದು ಮೂರು ತಿಂಗಳಾಯ್ತು, ನಾಲ್ಕು ವರ್ಷದ ಮಗಳಿಗೆ ಹಬ್ಬದ ವಾತಾವರಣ ಎಲ್ಲಿ ತೋರಿಸಲಿ ಅಂತ ಕೇಳಿದ್ದೀರಿ.

ಮೊದಲು ಲಿಟಲ್ ಇಂಡಿಯಾ. ಹಬ್ಬಕ್ಕೆ ವಾರಗಳ ಮೊದಲೇ ಸೆರಂಗೂನ್ ರೋಡ್ ತುಂಬ ದೀಪಾಲಂಕಾರ ಇರುತ್ತದೆ. ಆದರೆ ಕೊನೆಯ ವಾರಾಂತ್ಯ ಮಗು ಕರೆದುಕೊಂಡು ಹೋಗಬೇಡಿ, ಕಾಲಿಡೋಕೂ ಜಾಗ ಇರಲ್ಲ. ವಾರದ ಮಧ್ಯೆ, ಏಳು ಗಂಟೆ ದಾಟಿದ ಮೇಲೆ ಹೋಗಿ, ಅಷ್ಟು ಹೊತ್ತಿಗೇ ಇಲ್ಲಿ ಕತ್ತಲಾಗೋದು. ಟೆಕ್ಕಾ ಮಾರ್ಕೆಟ್‌ನಲ್ಲಿ ಬಾಳೆ ಎಲೆ, ತರಕಾರಿ ಸಿಗುತ್ತದೆ. ಹೂವಿಗೆ ಪಕ್ಕದ ಬಫಲೋ ರೋಡ್. ಆ ಮಲ್ಲಿಗೆ ವಾಸನೆಗೆ ನನಗಂತೂ ಗಾಂಧಿ ಬಜಾರ್ ನೆನಪಾಗಿ ಸುಮ್ನೆ ನಿಂತುಬಿಟ್ಟಿದ್ದೆ.

ಶ್ರೀನಿವಾಸ ಪೆರುಮಾಳ್ ದೇವಸ್ಥಾನವೂ ಸೆರಂಗೂನ್ ರೋಡ್‌ನಲ್ಲೇ ಇದೆ.

ಒಂದು ವಿಷಯ ಗೊತ್ತಿರಲಿ. ಸರ್ಕಾರಿ ರಜೆ ಒಂದೇ ದಿನ, ಅದೂ ಸಾಮಾನ್ಯವಾಗಿ ನರಕ ಚತುರ್ದಶಿಗೆ. ಬಲಿಪಾಡ್ಯಮಿ ಬೇಕಂದ್ರೆ ಈಗಲೇ ರಜೆ ಹಾಕಿ. ಪಟಾಕಿ ಆಸೆ ಬಿಡಿ, 1972ರಿಂದಲೇ ನಿಷೇಧ. ಸುರುಸುರು ಬತ್ತಿ ಹಚ್ಚಬಹುದು, ಆ ವಯಸ್ಸಿಗೆ ಅಷ್ಟು ಸಾಕಲ್ವಾ?

ಕನ್ನಡ ಮಾತು ಕೇಳಬೇಕು ಅನಿಸಿದರೆ ಇಲ್ಲಿನ ಕನ್ನಡ ಸಂಘ ಇದೆ, ಸೇರಿಕೊಳ್ಳಿ.