ಹಳೇ ಬೈಕನ್ನು ಪೂರ್ತಿ ಬಿಚ್ಚಬೇಡಿ, ಮೊದಲು ಸ್ಟಾರ್ಟ್ ಮಾಡಿ

ನೀವು ಕೇಳಿದ್ದು: ತಾತನ ಟೂ ಸ್ಟ್ರೋಕ್ ಬೈಕ್ 20 ವರ್ಷದಿಂದ ಶೆಡ್‌ನಲ್ಲಿ ನಿಂತಿದೆ, ಕಿಕ್ಕರ್ ಅಲ್ಲಾಡುತ್ತಿಲ್ಲ, ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ, ಪೂರ್ತಿ ಬಿಚ್ಚಿ ಮನೆಯಲ್ಲೇ ಹೊಸದರ ಹಾಗೆ ಮಾಡಬಹುದಾ?

ಮಾಡಬಹುದು. ಆದರೆ ಆ 'ಪೂರ್ತಿ ಬಿಚ್ಚಿ' ಅನ್ನೋದನ್ನು ಸದ್ಯಕ್ಕೆ ಮರೆತುಬಿಡಿ.

ನನ್ನ ಮೊದಲ ಬೈಕನ್ನು ನಾನು ಒಂದೇ ಭಾನುವಾರ ಪೂರ್ತಿ ಬಿಚ್ಚಿದೆ. ಸಂಜೆ ಹೊತ್ತಿಗೆ ಬರೀ ಚಾಸಿಸ್ ಉಳಿದಿತ್ತು. ನಟ್ಟು ಬೋಲ್ಟೆಲ್ಲ ಒಂದೇ ಬಕೆಟ್‌ನಲ್ಲಿ! ಮತ್ತೆ ಜೋಡಿಸಲು ಮೂರೂವರೆ ವರ್ಷ ಹಿಡಿಯಿತು. ಅದರಲ್ಲಿ ಕೆಲಸ ಮಾಡಿದ ದಿನ ಕಡಿಮೆ, ಆ ಬಕೆಟ್ ನೋಡಿ ಬಾಗಿಲು ಹಾಕಿಕೊಂಡು ಬಂದ ದಿನವೇ ಜಾಸ್ತಿ. ಎರಡನೇ ಬೈಕಿನ ಹೊತ್ತಿಗೆ ಬುದ್ಧಿ ಬಂದಿತ್ತು. ಮೊದಲು ಸ್ಟಾರ್ಟ್ ಮಾಡಿದೆ, ಆಮೇಲೆ ಒಂದೊಂದೇ ಭಾಗಕ್ಕೆ ಕೈ ಹಾಕಿದೆ. ಓಡುವ ಬೈಕ್ ತನ್ನ ಕಾಯಿಲೆ ತಾನೇ ಹೇಳುತ್ತದೆ. ಕ್ಲಚ್ ಜಾರುತ್ತಿದೆಯಾ, ಎರಡನೇ ಗೇರ್ ಬಿಟ್ಟುಕೊಳ್ಳುತ್ತಿದೆಯಾ, ಬೇರಿಂಗ್ ಕೂಗುತ್ತಿದೆಯಾ ಎಂದು ಗೊತ್ತಾಗುತ್ತದೆ. ನೆಲದ ಮೇಲೆ ಹರಡಿಕೊಂಡ ಬೈಕ್ ಏನು ಹೇಳೀತು?

ಈಗ ಕಿಕ್ಕರ್ ವಿಷಯ. ಬಹುಶಃ ಪಿಸ್ಟನ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿದೆ. ದಯವಿಟ್ಟು ಅದರ ಮೇಲೆ ಹತ್ತಿ ತುಳಿಯಬೇಡಿ. ಕಿಕ್ ಶಾಫ್ಟಿನ ಹಲ್ಲು ಹೋಗುತ್ತದೆ, ಇಲ್ಲವೇ ತುಕ್ಕು ಹಿಡಿದ ಬೋರಿನಲ್ಲಿ ಪಿಸ್ಟನ್ ರಿಂಗ್ ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿ, ಪ್ಲಗ್ ತೂತಿನಿಂದ ಎರಡು ಮೂರು ಚಮಚ ಬಿಡಿ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ, ಗಾಳಿಯಾಡುವ ಕಡೆ ಮಾಡಿ, ಹತ್ತಿರ ಬೆಂಕಿ ಬೇಡ. ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಿರಿ. ನಾಲ್ಕೈದು ದಿನ ಬಿಟ್ಟು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಚಕ್ರದಿಂದ ಎಂಜಿನ್ ತಿರುಗಿಸುವುದು ಟಾಪ್ ಗೇರಿನಲ್ಲೇ ಸುಲಭ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಅರ್ಧ ಗೆದ್ದಂತೆ. ನನ್ನದು 11ನೇ ದಿನ 'ಟಕ್' ಎಂದು ಬಿಟ್ಟುಕೊಂಡಿತು. ಆ ಸದ್ದು ಕೇಳಿ ನಾನು ಒಬ್ಬನೇ ನಕ್ಕಿದ್ದೆ.

ಬಿಟ್ಟುಕೊಂಡ ತಕ್ಷಣ ಕಿಕ್ ಹೊಡೆಯಬೇಡಿ. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮತ್ತು ಸಿಲಿಂಡರ್ ಎತ್ತಿ ಬೋರ್ ನೋಡಿ. ಟೂ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹೆಡ್‌ನಲ್ಲಿ ವಾಲ್ವ್ ಇರುವುದಿಲ್ಲ, ಹಾಗಾಗಿ ಇದು ಹೊಸಬರೂ ಮಾಡುವ ಕೆಲಸವೇ. ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದರೆ ಬೋರನ್ನು ಕೊರೆಸಿ ಅಗಲ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು. ಅದು ಲೇತ್ ಇದ್ದವರ ಕೆಲಸ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗುವುದು ಪಿಸ್ಟನ್ ಕೆಳಗಿನ, ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ (ಕ್ರ್ಯಾಂಕ್ ಕೇಸ್), ಅಲ್ಲಿಂದ ಸಿಲಿಂಡರಿಗೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ 20 ವರ್ಷದಲ್ಲಿ ಒಣಗಿ ಚಕ್ಕಳದಂತಾಗಿರುತ್ತದೆ. ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಬದಿಯದು ಹೋದರೆ ಅಲ್ಲಿಂದ ಕಳ್ಳ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಪಾಲು ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತದೆ, ಕೊನೆಗೆ ಪಿಸ್ಟನ್ ಕರಗಿ ತೂತಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗೇ ಕಿರುಚುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕೀ ತೆಗೆದರೂ ನಿಲ್ಲದಿದ್ದರೆ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಿ. ಕೆಲವು ಎಂಜಿನ್‌ಗಳಲ್ಲಿ ಈ ಸೀಲ್ ಹೊರಗಿನಿಂದಲೇ ಬದಲಾಯಿಸಬಹುದು, ಕೆಲವಕ್ಕೆ ಕೇಸ್ ಬಿಡಿಸಲೇಬೇಕು. ಹೇಗೂ ಮಾಡಿಸಿ.

ಟ್ಯಾಂಕ್ ಒಳಗೆ ತುಕ್ಕು ಇದ್ದೇ ಇರುತ್ತದೆ. ನಾನು ಆಸಿಡ್ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತುಕ್ಕೂ ಇರಲಿಲ್ಲ, ತಳದ ತಗಡೂ ಅಷ್ಟಾಗಿ ಉಳಿದಿರಲಿಲ್ಲ. ಸೂಜಿ ಮೊನೆಯಂಥ ಆರು ತೂತು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಹಾಕಿ, ಆಗಾಗ ನೋಡುತ್ತಾ ಇರಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬೇಗ ಒಣಗಿಸಿ, ಒಳಗೆಲ್ಲ ತೆಳ್ಳಗೆ ಎಣ್ಣೆ ಆಡಿಸಿ. ಇಲ್ಲದಿದ್ದರೆ ನಿಮ್ಮ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ತೂತಿದ್ದರೆ ವೆಲ್ಡಿಂಗ್ ಸಾಹಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಬಾಂಬಿನಂತೆ ಸಿಡಿಯುತ್ತದೆ.

ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಪೈಲಟ್ ಜೆಟ್ ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಾಣಬೇಕು. ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟ್ ಇದ್ದರೆ ಸಣ್ಣ ಉಪ್ಪು ಕಾಗದದಿಂದ ಉಜ್ಜಿ, ಅದು ತೆರೆದಾಗಿನ ಗ್ಯಾಪ್ ನೋಡಿ. ಬಹಳಷ್ಟು ಹಳೇ ಬೈಕ್‌ಗಳಲ್ಲಿ 0.3ರಿಂದ 0.4 ಮಿ.ಮೀ. ಒಳಗೆ ಇರುತ್ತದೆ. ನಿಮ್ಮದರ ಕೈಪಿಡಿ ಸಿಕ್ಕರೆ ಅದೇ ಕೊನೆಯ ಮಾತು.

ಸ್ಕ್ರೂ ಬಗ್ಗೆಯೂ ಹೇಳಿಬಿಡುತ್ತೇನೆ. ಜಪಾನಿನ ಹಳೇ ಬೈಕ್ ಆದರೆ ಅದರ ಪ್ಲಸ್ ಸ್ಕ್ರೂಗಳು ಫಿಲಿಪ್ಸ್ ತರಹ ಕಂಡರೂ ಫಿಲಿಪ್ಸ್ ಅಲ್ಲ, ಅವು ಜೆಐಎಸ್ ಎಂಬ ಜಪಾನಿನ ಮಾನದಂಡದವು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಬ್ರಿಟಿಷ್ ಬೈಕ್ ಆದರೆ ಬೋಲ್ಟ್‌ಗಳು ವಿಟ್‌ವರ್ತ್ ಅಳತೆಯವು ಇರಬಹುದು, ಮಿಲಿಮೀಟರ್ ಸ್ಪ್ಯಾನರ್ ಹಿಡಿದು ಮೂಲೆ ಸವೆಸಬೇಡಿ. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಹೆಸರು ಬರೆದ ಪುಟ್ಟ ಪುಟ್ಟ ಕವರ್. ಬಕೆಟ್ ಬೇಡ!

ಎಂಜಿನ್ ಸ್ಟಾರ್ಟ್ ಆದ ಖುಷಿಯಲ್ಲಿ ರಸ್ತೆಗೆ ಇಳಿಯಬೇಡಿ. ಟೈರ್ ಹೊಸದೇ ಹಾಕಿ, ಗೀರು ಚೆನ್ನಾಗಿದ್ದರೂ ಸರಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಅಪಾಯವಾದ ನಾರು) ಇರಬಹುದು, ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಪೇಂಟ್ ಕೊನೆಗೆ. ಬೇಡವೇ ಬೇಡ ಎಂದರೂ ನಾನು ಒಪ್ಪುತ್ತೇನೆ, ತಾತನ ಮೊಣಕಾಲು ತಾಗಿ ಸವೆದ ಬಣ್ಣ ಮತ್ತೆ ಎಲ್ಲಿ ಸಿಗುತ್ತದೆ? ಚಾಸಿಸ್‌ಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಅರ್ಥ್ ವೈರ್ ಕೂರುವ ಜಾಗವನ್ನು ಮುಚ್ಚಿಸಿಡಿ. ನಾನು ಹಾಗೆ ಮಾಡದೆ, ಲೈಟೂ ಇಲ್ಲ ಹಾರ್ನೂ ಇಲ್ಲ ಎಂದು ಎರಡು ವಾರ ವೈರಿಂಗ್ ಹುಡುಕಿದೆ. ಕೊನೆಗೆ ನಾಣ್ಯದಷ್ಟು ಜಾಗ ಕೆರೆದೆ. ಎಲ್ಲ ಹತ್ತಿಕೊಂಡವು.

ಈ ವಾರ ಪ್ಲಗ್ ಬಿಚ್ಚುವುದಷ್ಟೇ ನಿಮ್ಮ ಕೆಲಸ. ಅದರ ತುದಿ ಹೇಗಿದೆ, ತೂತಿಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಮೇಲಿದೆಯಾ ಕೆಳಗಿದೆಯಾ ಎಂದು ಬರೆಯಿರಿ. ಕೆಳಗಿದ್ದರೆ ಎಣ್ಣೆ ಸಿಲಿಂಡರ್ ಗೋಡೆಯ ಕಿಂಡಿಗಳಿಂದ (ಪೋರ್ಟ್) ಸೋರಿಹೋಗುತ್ತದೆ. ಆಗ ಬೇರೆ ದಾರಿ ಹೇಳುತ್ತೇನೆ.