‘ಅಳವಡಿಸಲಾಯಿತು’ ಎಂದರೆ ಹೇಗೆ?

ಪ್ರಿಯ ಲೇಖಕ ಮಿತ್ರರಿಗೆ,

ನಮಸ್ಕಾರ. ಆರಿಂಚಿನ ದೂರದರ್ಶಕದ ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ಡಿಜಿಟಲ್ ಕ್ಯಾಮೆರಾ ಜೋಡಿಸಿ ಶುಕ್ಲ ಅಷ್ಟಮಿಯ ಚಂದ್ರನ ಚಿತ್ರ ತೆಗೆದ ಬಗ್ಗೆ ನೀವು ಬರೆದ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಕನ್ನಡದಲ್ಲಿ ಈ ವಿಷಯದ ಬರಹಗಳು ಕಡಿಮೆ, ಜೊತೆಗಿಟ್ಟ ಚಿತ್ರವಂತೂ ಸೊಗಸಾಗಿದೆ. ಬೆಳಕು ಕತ್ತಲೆಗಳ ಗಡಿಯ ಹತ್ತಿರ, ದಕ್ಷಿಣದ ಕಡೆಗೆ, ಕೂದಲೆಳೆಯಂಥ ಒಂದು ಕಪ್ಪು ಗೆರೆ ಕಾಣುತ್ತದೆಯಲ್ಲ, ಅದು ಸುಮಾರು 110 ಕಿ.ಮೀ. ಉದ್ದದ ರೂಪೆಸ್ ರೆಕ್ಟಾ ಎಂಬ ದಿಣ್ಣೆಯ ನೆರಳು. ಅದನ್ನು ಹಿಡಿದಿರುವ ನೀವು ಅದರ ಬಗ್ಗೆ ಒಂದು ಮಾತನ್ನೂ ಬರೆದಿಲ್ಲ. ಇರಲಿ. ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣವಾದ ಎರಡು ಜಾಗಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ನಾಲ್ಕನೇ ಪುಟದಲ್ಲಿದೆ. “ನಂತರ ಕ್ಯಾಮೆರಾವನ್ನು ನೇತ್ರಕಕ್ಕೆ ಸೂಕ್ತ ರೀತಿಯಲ್ಲಿ ಅಳವಡಿಸಲಾಯಿತು. ಆರಂಭದಲ್ಲಿ ಚಿತ್ರದ ಸುತ್ತ ಕಪ್ಪು ಅಂಚು ಕಂಡುಬಂದಿತಾದರೂ ಅದನ್ನು ಸರಿಪಡಿಸಲಾಯಿತು.” 1609ರ ಗೆಲಿಲಿಯೋನಿಂದ ಆರಂಭಿಸಿ ಬ್ರಹ್ಮಾಂಡದ ವಿಸ್ತಾರದವರೆಗೆ ಮೂರು ಪುಟ ನಡೆದು ಬಂದ ಓದುಗ, ನಿಮ್ಮಿಂದ ಮಾತ್ರ ತಿಳಿಯಬಹುದಾದದ್ದನ್ನು ಕೇಳಲು ಕಿವಿ ತೆರೆದು ಕೂತಾಗ ಅವನಿಗೆ ಸಿಗುವುದು ಈ ಎರಡು ವಾಕ್ಯಗಳು. ಇವನ್ನು ನಾನು ಹಲವು ಸಲ ಓದಿದೆ. ಪ್ರತಿ ಸಲವೂ ಬೇಸರವೇ ಆಯಿತು.

‘ನೇತ್ರಕ’ ಎಂದು ಇಲ್ಲಿ ಬರೆದಿದ್ದೀರಿ. ಎರಡನೇ ಪುಟದಲ್ಲಿ ಅದೇ ‘ಕಣ್ಣುಮಸೂರ’ವಾಗಿತ್ತು, ಆರನೇ ಪುಟದಲ್ಲಿ ‘ಐಪೀಸ್’ ಆಗುತ್ತದೆ. ಪದ ಮರುಕಳಿಸಬಾರದೆಂಬ ಎಚ್ಚರ ಕಥೆ ಕವಿತೆಗಳಲ್ಲಿ ಶೋಭಿಸಬಹುದು. ಉಪಕರಣದ ಬಗ್ಗೆ ಬರೆಯುವಾಗ ಹೊಸಬನಾದ ಓದುಗ ಇವು ಮೂರು ಬೇರೆ ಬೇರೆ ಭಾಗಗಳೆಂದೇ ತಿಳಿಯುತ್ತಾನೆ. ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಿರಿ.

‘ಸೂಕ್ತ ರೀತಿಯಲ್ಲಿ’ ಎಂದರೆ ಯಾವ ರೀತಿ? ಕ್ಯಾಮೆರಾದ ಮಸೂರವನ್ನು ಬಿಚ್ಚಿ ಬರಿಯ ಕ್ಯಾಮೆರಾವನ್ನು ಐಪೀಸಿನ ಹಿಂದೆ ಇಟ್ಟಿರೋ, ಮಸೂರ ಇದ್ದ ಹಾಗೆಯೇ ಇಟ್ಟಿರೋ? ಎರಡೂ ಬೇರೆ ವಿಧಾನಗಳು. ಮಸೂರವಿಲ್ಲದಿದ್ದರೆ ಐಪೀಸು ತಾನೇ ಬಿಂಬವನ್ನು ಕ್ಯಾಮೆರಾದೊಳಗಿನ ಸಂವೇದಕದ (ಸೆನ್ಸರಿನ) ಮೇಲೆ ಚೆಲ್ಲಬೇಕು. ಮಸೂರವಿದ್ದರೆ, ಕಣ್ಣಿಗೆ ಸ್ಪಷ್ಟವಾಗುವಂತೆ ಹೊಂದಿಸಿದ ಐಪೀಸಿನಿಂದ ಸಮಾಂತರವಾಗಿ ಹೊರಡುವ ಕಿರಣಗಳನ್ನು, ಅನಂತ ದೂರಕ್ಕೆ ಫೋಕಸ್ ಮಾಡಿದ ಕ್ಯಾಮೆರಾ ನಮ್ಮ ಕಣ್ಣಿನಂತೆಯೇ ಸ್ವೀಕರಿಸುತ್ತದೆ. ನೀವು ಮಾಡಿದ್ದು ಎರಡನೆಯದೆಂದು ನನಗೆ ಗೊತ್ತಾದದ್ದು ಏಳನೇ ಪುಟದಲ್ಲಿ, ಅದೂ ಊಹೆಯಿಂದ.

ಕಪ್ಪು ಅಂಚು ‘ಕಂಡುಬಂದಿತು’. ಅದು ಎಂಥ ಅಂಚು? ಕಂಪಾಸಿನಿಂದ ಎಳೆದಂತೆ ಚೊಕ್ಕವಾದ ವೃತ್ತವಾಗಿದ್ದರೆ, ಐಪೀಸು ತೋರಿಸುವ ನೋಟಕ್ಕಿಂತ ನಿಮ್ಮ ಮಸೂರದ ನೋಟ ಅಗಲವಾಗಿತ್ತು ಎಂದರ್ಥ. ಸ್ವಲ್ಪ ಝೂಮ್ ಮಾಡಿದರೆ ಅದು ಚೌಕಟ್ಟಿನ ಆಚೆಗೆ ಸರಿಯುತ್ತದೆ. ಮಸುಕಾಗಿ ಒಳಗೊಳಗೇ ಕಪ್ಪಿಡುತ್ತಿದ್ದರೆ ಕಾರಣ ಅಂತರದಲ್ಲಿದೆ. ನಿಮ್ಮ ದೂರದರ್ಶಕದ ಸಂಗಮದೂರ (ಕನ್ನಡಿಯಿಂದ ಅದು ಬಿಂಬ ಕೂಡಿಸುವ ಜಾಗದವರೆಗಿನ ದೂರ) 1200 ಮಿ.ಮೀ., ವ್ಯಾಸ 150 ಮಿ.ಮೀ.; ಅದಕ್ಕೆ 25 ಮಿ.ಮೀ. ಐಪೀಸು ಹಾಕಿದಾಗ ಹೊರಬರುವ ಬೆಳಕೆಲ್ಲ ಐಪೀಸಿನಿಂದ ಒಂದೂವರೆ, ಎರಡು ಸೆಂಟಿಮೀಟರ್ ಹಿಂದೆ ಸುಮಾರು 3 ಮಿ.ಮೀ. ಅಗಲದ ಒಂದು ಬಿಲ್ಲೆಯಾಗಿ ಕೂಡಿಕೊಳ್ಳುತ್ತದೆ. ನೋಡುವವರು ಕಣ್ಣಿನ ಪಾಪೆಯನ್ನು ಇಡುವುದು ಅಲ್ಲಿಯೇ. ಕ್ಯಾಮೆರಾದ ‘ಪಾಪೆ’ಯೋ ಮಸೂರದ ಗಾಜುಗಳ ಒಳಗೆ, ಆಳದಲ್ಲಿರುತ್ತದೆ, ಆದ್ದರಿಂದ ಮುಂದಿನ ಗಾಜು ಐಪೀಸಿಗೆ ತಾಗಿಯೂ ತಾಗದಂತಿರಬೇಕಾಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದಿದ್ದರೆ ನೆರಳು ಒಂದೇ ಬದಿಯಲ್ಲಿ ಬಿದಿಗೆ ಚಂದ್ರನ ಆಕಾರದಲ್ಲಿ ಕೂರುತ್ತದೆ. ಹಗಲಿನಲ್ಲಿ, ಸೂರ್ಯನಿರದ ದಿಕ್ಕಿನ ಆಕಾಶಕ್ಕೆ ದೂರದರ್ಶಕವನ್ನು ತಿರುಗಿಸಿ ಐಪೀಸಿನ ಹಿಂದೆ ಬೆಣ್ಣೆ ಕಾಗದವೊಂದನ್ನು ಹಿಂದೆ ಮುಂದೆ ಆಡಿಸಿದರೆ ಈ ಬೆಳಕಿನ ಬಿಲ್ಲೆ ಎಲ್ಲಿ ಚಿಕ್ಕದಾಗಿ, ಚೂಪಾಗಿ ನಿಲ್ಲುತ್ತದೆಂದು ಕಣ್ಣಾರೆ ಕಾಣಬಹುದು. ಇಷ್ಟೆಲ್ಲವನ್ನೂ ‘ಸರಿಪಡಿಸಲಾಯಿತು’ ಎಂಬ ಒಂದು ಪದ ನುಂಗಿ ಹಾಕಿದೆ.

ನಿಮಗೆ ಇದೆಲ್ಲ ಗೊತ್ತಿಲ್ಲವೆಂದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಲೇಖನದ ಜೊತೆ ನೀವು ಬರೆದ ಅರ್ಧ ಪುಟದ ಕಾಗದವನ್ನು ಓದಿದ್ದರಿಂದಲೇ ಬರೆಯುತ್ತಿದ್ದೇನೆ. ಕ್ಯಾಮೆರಾ ಮಸೂರದ ಮುಂತುದಿಗೆ ತಿರುಗಿಸಿ ಕೂರಿಸುವ, ಗಾಜು ಒಡೆದ ಹಳೆಯ 52 ಮಿ.ಮೀ. ಫಿಲ್ಟರ್ ರಿಂಗನ್ನು ಪಿವಿಸಿ ಪೈಪಿನ ತುಂಡಿಗೆ ಎಂ-ಸೀಲ್ ಮೆತ್ತಿ ಕೂರಿಸಿದ್ದು, ಐಪೀಸನ್ನು ಬಿಗಿಯಾಗಿ ಹಿಡಿಯಲೆಂದು ಪೈಪಿನ ಒಳಗೆ ಸೈಕಲ್ ಟ್ಯೂಬು ಸುತ್ತಿದ್ದು, ತುಂಡು ಉದ್ದವಾಯಿತೆಂದು ಎರಡು ಸಲ ಗರಗಸದಲ್ಲಿ ಕತ್ತರಿಸಿದ್ದು, ಕ್ಯಾಮೆರಾದ ಭಾರಕ್ಕೆ ಕೊಳವೆಯ ಮುಂತುದಿ ಬಾಗತೊಡಗಿದಾಗ ಕನ್ನಡಿಯ ಕಡೆಯ ತುದಿಗೆ ಮರಳು ತುಂಬಿದ ಕಾಲುಚೀಲ ಕಟ್ಟಿದ್ದು, ಹೀಗೆ ಮೂರು ರಾತ್ರಿ ಕಳೆದದ್ದು, ಎಲ್ಲವೂ ಆ ಕಾಗದದಲ್ಲಿದೆ. ಅದನ್ನು ಓದಿ ನಾನು ಎದ್ದು ಓಡಾಡಿದೆ. ಲೇಖನ ಅದೇ ಆಗಿತ್ತು. ನೀವು ಅದನ್ನು ಹೊರಗಿಟ್ಟು ‘ಸೂಕ್ತ ರೀತಿ’ಯನ್ನು ಕಳಿಸಿದ್ದೀರಿ.

ಈ ‘-ಲಾಯಿತು’ ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವಿದೆ. 2004ರ ಜೂನ್ 8ರಂದು ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಹಾದುಹೋಯಿತು. ಅದಕ್ಕೆ ಹಿಂದಿನ ಸಂಕ್ರಮಣ 1882ರಲ್ಲಿ ನಡೆದದ್ದರಿಂದ, ಅದನ್ನು ಕಂಡವರು ಯಾರೂ ಆಗ ಬದುಕಿರಲಿಲ್ಲ. ಬೆಳಗಿನ ಹನ್ನೊಂದರ ಮುಂಚಿನಿಂದ ಸಂಜೆ ಐದರ ಹತ್ತಿರದವರೆಗೆ, ಆರು ಗಂಟೆಗೂ ಮಿಕ್ಕಿ, ಮುಂಗಾರಿನ ಮೋಡಗಳು ಬಿಟ್ಟುಕೊಟ್ಟಾಗಲೆಲ್ಲ ನಾನು ಮಹಡಿಯ ಮೇಲೆ ನಿಂತಿದ್ದೆ. ದೂರದರ್ಶಕದ ಮುಂಬಾಯಿಗೆ ಸೌರ ಫಿಲ್ಟರ್ ಕಟ್ಟಿ, ಎರವಲು ತಂದ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಐಪೀಸಿಗೆ ಬರಿಗೈಯಲ್ಲೇ ಒತ್ತಿ ಹಿಡಿದು ಅರವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಎರಡು ಮಾತ್ರ ದಕ್ಕಿದವು. ಅಂದು ರಾತ್ರಿಯೇ ಕೂತು ಬರೆದ ಲೇಖನದಲ್ಲಿ “ಸಂಕ್ರಮಣದ ಛಾಯಾಚಿತ್ರಗಳನ್ನು ಸೆರೆಹಿಡಿಯಲಾಯಿತು” ಎಂದಿದ್ದೆ. ವಿಜ್ಞಾನ ಬರಹಕ್ಕೆ ಅದೇ ಗಾಂಭೀರ್ಯವೆಂದು ನಂಬಿದ್ದೆ. ನನ್ನ ಮೊದಲ ಸಂಪಾದಕರು ಆ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದು ಹಾಳೆ ಹಿಂತಿರುಗಿಸಿದರು: “ಹಿಡಿದವರು ಯಾರು? ಕೈ ನಡುಗಲಿಲ್ಲವೆ?” ನಡುಗಿತ್ತು. ನಡುಗದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದಾಗ ಆ ಎರಡು ಚಿತ್ರ ಬಂದಿದ್ದವು. ಅದನ್ನು ಬರೆದುಕೊಟ್ಟ ಮೇಲೆಯೇ ಅವರು ಲೇಖನವನ್ನು ಅಚ್ಚಿಗೆ ಕಳಿಸಿದ್ದು. ಅವರ ಹಸ್ತಾಕ್ಷರವಿರುವ ಆ ಹಾಳೆ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಎರಡನೆಯ ಜಾಗ ಏಳನೇ ಪುಟದ ಕೊನೆಯ ಸಾಲು. “ದೂರದರ್ಶಕದ 48 ಪಟ್ಟು ವರ್ಧನೆಯನ್ನು ಕ್ಯಾಮೆರಾದ 50 ಮಿ.ಮೀ. ಮಸೂರದಿಂದ ಗುಣಿಸಿದರೆ ಚಂದ್ರ 2400 ಪಟ್ಟು ದೊಡ್ಡದಾಗಿ ಕಾಣುತ್ತಾನೆ.” ಗುಣಾಕಾರ ಸರಿ, ಬಂದ ಉತ್ತರಕ್ಕೆ ಕೊಟ್ಟ ಹೆಸರು ತಪ್ಪು. ಪಟ್ಟನ್ನು ಮಿಲಿಮೀಟರಿನಿಂದ ಗುಣಿಸಿದರೆ ಮಿಲಿಮೀಟರೇ ಬರುತ್ತದೆ. ಆ 2400 ಎಂಬುದು ಇಡೀ ಜೋಡಣೆಯ ಪರಿಣಾಮಕಾರಿ ಸಂಗಮದೂರ. ಅಷ್ಟು ಉದ್ದದ ಒಂದೇ ಮಸೂರ ಕೊಡುವಷ್ಟೇ ಬಿಂಬವನ್ನು ನಿಮ್ಮ ಜೋಡಣೆ ಕೊಡುತ್ತದೆ ಎಂದಷ್ಟೇ ಅದರ ಅರ್ಥ.

ಈ ಸಾಲನ್ನು ನಿಮ್ಮ ಚಿತ್ರವೇ ಒಪ್ಪುವುದಿಲ್ಲ. ಚಂದ್ರನ ಬಿಂಬದ ಅಳತೆ ಸಂಗಮದೂರದ ಸುಮಾರು 110ನೇ ಒಂದು ಭಾಗ. 2400ಕ್ಕೆ ಅದು 22 ಮಿ.ಮೀ. ಆಗುತ್ತದೆ. ನಿಮ್ಮ ಕ್ಯಾಮೆರಾದ ಸಂವೇದಕ ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಚಿತ್ರ ಅಡ್ಡಲಾಗಿದೆ, ಚಂದ್ರನ ಎರಡೂ ಕೊಂಬುಗಳು ಅದರ ಎತ್ತರದೊಳಗೆ ಮೇಲೆ ಕೆಳಗೆ ಜಾಗ ಉಳಿಸಿ ಕೂತಿವೆ. 22 ಮಿ.ಮೀ.ನ ಬಿಂಬ 16ರಲ್ಲಿ ಹೇಗೆ ಹಿಡಿಸೀತು? ಲೆಕ್ಕ ಹಿಂದಕ್ಕೆ ಹಾಕಿದರೆ ಮಸೂರ 50ರಲ್ಲಲ್ಲ, 30 ಮಿ.ಮೀ. ಆಸುಪಾಸಿನಲ್ಲಿತ್ತು: 30ನ್ನು 48ರಿಂದ ಗುಣಿಸಿದರೆ 1440, ಬಿಂಬ 13 ಮಿ.ಮೀ. ನಿಮ್ಮದು 18–55 ಮಿ.ಮೀ. ಝೂಮ್ ಎಂದು ಕಾಗದದಲ್ಲಿದೆ. 18ರಲ್ಲಿ ಕಂಡ ಕಪ್ಪು ವೃತ್ತವನ್ನು ಆಚೆಗೆ ತಳ್ಳಲು ನೀವು ಝೂಮ್ ತಿರುಗಿಸುತ್ತ ಹೋಗಿ 30ರ ಬಳಿ ನಿಲ್ಲಿಸಿದಿರೆಂದು ನನ್ನ ಊಹೆ, ಪ್ಲಾಸಲ್ ಎಂಬ ಬಗೆಯ 25 ಮಿ.ಮೀ.ನ ಸಾಮಾನ್ಯ ಐಪೀಸಿಗೆ ವೃತ್ತ ಚೌಕಟ್ಟಿನ ಮೂಲೆಗಳಿಂದ ಆಚೆಗೆ ಸರಿಯುವುದೂ ಹೆಚ್ಚುಕಡಿಮೆ ಅಲ್ಲಿಯೇ. ನೀವು ಕಳಿಸಿದ ಪ್ರತಿಯಲ್ಲಿ ಆ ವಿವರ ಉಳಿದಿಲ್ಲ. ಮೂಲ ಕಡತದಲ್ಲಿ ದಾಖಲಾಗಿರುತ್ತದೆ, ತೆರೆದು ನೋಡಿ.

ಲೇಖನವನ್ನು ಪೈಪಿನ ತುಂಡಿನಿಂದ ಆರಂಭಿಸಿ ಮತ್ತೊಮ್ಮೆ ಬರೆದು ಕಳಿಸಿ. ‘ನಾನು’ ಎಂದು ಬರೆಯಲು ಸಂಕೋಚ ಬೇಡ. ಎರಡನೇ ಸಲ ಕತ್ತರಿಸಿದ ಮೇಲೆ ತುಂಡು ಎಷ್ಟು ಉದ್ದ ಉಳಿಯಿತು, ಐಪೀಸಿಗೂ ಮುಂದಿನ ಗಾಜಿಗೂ ನಡುವೆ ಎಷ್ಟು ಸಂದು ಬಿಟ್ಟಿರಿ, ಆಟೋಫೋಕಸ್ ತಪ್ಪಿಸದಿದ್ದಾಗ ಮಸೂರದ ಮುಂತುದಿ ತಿರುಗಿ ರಿಂಗನ್ನು ಜಗ್ಗಿತೇ, ಗುಂಡಿ ಒತ್ತಿದ ಅದುರು ನಿಲ್ಲಲೆಂದು ಟೈಮರ್ ಎಷ್ಟು ಸೆಕೆಂಡಿಗೆ ಇಟ್ಟಿರಿ, ಇವೆಲ್ಲ ನನಗೆ ಬೇಕು. ಆ ಪೈಪಿನ ಒಂದು ಚಿತ್ರವನ್ನೂ ತೆಗೆದು ಕಳಿಸಿ; ಚಂದ್ರನ ಚಿತ್ರದ ಪಕ್ಕದಲ್ಲಿ ಅಷ್ಟೇ ಅಳತೆಯಲ್ಲಿ ಅದನ್ನು ಹಾಕಬೇಕೆಂದಿದ್ದೇನೆ.

ವಿಶ್ವಾಸದಿಂದ,
ಸಂಪಾದಕ